ಶಂಕರಪುರದ ಮಳೆಗೆ ಸಾಕ್ಷಿ

ಮಳೆಗೂ ವಿಮೆ ಮಾಡಬಹುದು ಎಂಬ ಮಾತು ಮೊದಲ ಸಲ ನನ್ನ ಕಿವಿಗೆ ಬಿದ್ದಾಗ ನಾನು ಸತ್ತ ಎಮ್ಮೆಯೊಂದರ ಕಿವಿಯನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೆ. ಈಗ ನಮ್ಮ ವೃತ್ತಿಗೆ ಬರುವ ಹುಡುಗ ಹುಡುಗಿಯರಿಗೆ ಇದನ್ನು ಹೇಳಿದರೆ ಮುಖ ಕಿವುಚುತ್ತಾರೆ. ಆದರೆ ಜಾನುವಾರು ವಿಮೆ ಆಗ ನಡೆಯುತ್ತಿದ್ದದ್ದೇ ಹಾಗೆ. ಎಮ್ಮೆ ಬದುಕಿದ್ದಾಗ ಅದರ ಕಿವಿಗೆ ನಾವು ಬಿಲ್ಲೆ ಚುಚ್ಚುತ್ತಿದ್ದೆವು. ಸತ್ತ ಮೇಲೆ ಆ ಬಿಲ್ಲೆ ಕಿವಿಯ ಸಮೇತ ನಮ್ಮ ಮೇಜಿನ ಮೇಲೆ ಬರಬೇಕಿತ್ತು. ತಂದವನು ಎದುರಿನ ಬೆಂಚಿನಲ್ಲಿ ಕುಳಿತು ಅಳು ನುಂಗಿಕೊಳ್ಳುತ್ತಿದ್ದ. ನಾನು ಕಿಟಕಿ ತೆರೆದು ಬಿಲ್ಲೆಯ ಅಂಕೆ ಓದುತ್ತಿದ್ದೆ. ಅಷ್ಟರಲ್ಲಿ ನಮ್ಮ ಶಾಖೆಯ ಮ್ಯಾನೇಜರು ನಾಯಕ್ ಸಾರ್ ಒಳಗಿನ ಕೋಣೆಯಿಂದ ಹೊರಗೆ ಬಂದು, "ಶಾರದಾ, ಇನ್ನು ನಿಮಗೆ ಕಿವಿ ನೋಡುವ ಕೆಲಸ ಕಡಿಮೆ ಆಗ್ತದೆ. ಆಕಾಶ ನೋಡಿದರೆ ಸಾಕಂತೆ" ಎಂದರು.

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ.

ಅಲ್ಲಿಯವರೆಗೆ ನನ್ನ ಕೆಲಸವೆಂದರೆ ನೋಡುವುದು. ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಘಟ್ಟದ ಮೇಲಿನಿಂದ ಉಡುಪಿಗೆ ಬಂದವಳು ನಾನು. ವಿಮಾ ಕಂಪೆನಿಯ ಮಣಿಪಾಲದ ಶಾಖೆಯಲ್ಲಿ ಕೆಲಸ ಸಿಕ್ಕಿತು. ಸುಟ್ಟ ಅಂಗಡಿ, ಬಿದ್ದ ಹಟ್ಟಿ, ಮುರಿದ ದೋಣಿ, ಯಾವುದೇ ಇರಲಿ, ಹೋಗಿ ಕಣ್ಣಾರೆ ನೋಡಿ ಬಂದು ಬರೆಯಬೇಕು. ಕಾಪುವಿನ ದೀಪಸ್ತಂಭದ ಆಚೆ ಮರಳಿನ ಮೇಲೆ ಒಂದು ನಾಡದೋಣಿ ಮಗುಚಿ ಬಿದ್ದದ್ದನ್ನು ನೋಡಲು ಹೋಗಿದ್ದು ಇನ್ನೂ ಕನಸಿನಂತೆ ನೆನಪಿದೆ. ಬೆಳಗಿನ ಮಂಜಿನಲ್ಲಿ ಸಮುದ್ರವೇ ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಒಡೆದ ದೋಣಿಯ ಪಕ್ಕದಲ್ಲಿ ದೋಣಿಯವರ ಮನೆಯ ಅಜ್ಜಿಯೊಬ್ಬರು ಕುಳಿತು ಹಲಗೆಯನ್ನು ಸವರುತ್ತಿದ್ದರು. ನಾನು ಯಾರೆಂದು ಹೇಳಿದ ಮೇಲೂ ಎದ್ದೇಳಲಿಲ್ಲ. "ಸ್ವಲ್ಪ ಕೂತ್ಕೊಳ್ಳಿ, ಆಮೇಲೆ ಬರೆಯಿರಿ" ಎಂದರು. ಕುಳಿತೆ. ಮಂಜು ಕರಗಿ ನೀರು ಕಾಣುವವರೆಗೂ ಇಬ್ಬರೂ ಆ ಹಲಗೆ ನೋಡುತ್ತಾ ಕುಳಿತಿದ್ದೆವು. ಎದ್ದು ಬರುವಾಗ ನನಗೆ ಆ ದೋಣಿಯ ಬಗ್ಗೆ ಎಲ್ಲವೂ ತಿಳಿದಂತಿತ್ತು. ಕೆಲಸವನ್ನು ನಾನು ಕಲಿತದ್ದು ಹೀಗೆ.

ನಾಯಕ್ ಸಾರ್ ಬಗ್ಗೆಯೂ ಹೇಳಬೇಕು. ನಮ್ಮ ಕಚೇರಿಯ ಹಿಂದಿನ ಕಿಟಕಿಯಿಂದ ಕಣಿವೆಯಲ್ಲಿ ಸ್ವರ್ಣಾ ನದಿ ಕಾಣುತ್ತಿತ್ತು. ಆಕಾಶ ತೊಳೆದಂತಿದ್ದ ದಿನ ದೂರದಲ್ಲಿ ಕಡಲಿನ ತೆಳು ಗೆರೆಯೂ ಕಾಣುತ್ತಿತ್ತು. ಅವರು ಫೈಲು ಓದುವುದಕ್ಕಿಂತ ಹೆಚ್ಚು ಹೊತ್ತು ಆ ಕಿಟಕಿಯಲ್ಲಿ ನಿಲ್ಲುತ್ತಿದ್ದರು. ದಿನಾ ಬೆಳಿಗ್ಗೆ ಮೋಡ ನೋಡಿ ಭವಿಷ್ಯ ಹೇಳುತ್ತಿದ್ದರು, ಅದು ತಪ್ಪುತ್ತಿತ್ತು. ಅವರು "ಇವತ್ತು ಮಳೆ ಇಲ್ಲ" ಎಂದರೆ ನಾವೆಲ್ಲ ಕೊಡೆಯನ್ನು ಕಾಲಬುಡಕ್ಕೆ ತಂದಿಟ್ಟುಕೊಳ್ಳುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಅಂಥವರ ಕೈಗೇ ಹವಾಮಾನ ವಿಮೆ ಬಂದು ಬಿತ್ತು.

ಹೊಸ ಪದ್ಧತಿ ಸರಳವಾಗಿತ್ತು. ಸಣ್ಣ ಬೆಳೆಗಾರರ ತೋಟಕ್ಕೆ ಯಾರೂ ಹೋಗಿ ನಷ್ಟ ಅಳೆಯಬೇಕಾಗಿಲ್ಲ. ಊರಿಗೊಂದು ಮಳೆಮಾಪಕ ಇಡುವುದು. ಕೆಲವು ತಿಂಗಳುಗಳಲ್ಲಿ ಒಂದೇ ದಿನ ಇಂತಿಷ್ಟಕ್ಕಿಂತ ಹೆಚ್ಚು ಮಳೆ ಸುರಿದರೆ, ಆ ಊರಿನಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಅರ್ಜಿ ಬೇಡ, ಸಾಕ್ಷಿ ಬೇಡ, ನಮ್ಮಂಥವರ ಕಾಲು ಹಿಡಿಯುವುದೂ ಬೇಡ. ಯಂತ್ರ ಹೇಳಿದ್ದೇ ಮಾತು. ದೊಡ್ಡ ಕಚೇರಿಯಿಂದ ತರಬೇತಿ ಕೊಡಲು ಬಂದವರು, "ಬೆಳೆ ನೋಡಬೇಡಿ, ಮಳೆ ನೋಡಿ" ಎಂದು ಮತ್ತೆ ಮತ್ತೆ ಹೇಳಿದರು. ನನಗೆ ಅದು ಇಷ್ಟವಾಯಿತು. ನಷ್ಟ ನೋಡಲು ಹೋದಾಗ ಜನ ನಮ್ಮ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದದ್ದು ನನಗೆ ಎಂದೂ ಒಗ್ಗಿರಲಿಲ್ಲ.

ನಮ್ಮ ಶಾಖೆಗೆ ಪ್ರಯೋಗಕ್ಕೆಂದು ಕೊಟ್ಟದ್ದು ಶಂಕರಪುರದ ಮಲ್ಲಿಗೆ. ಬೇಸಿಗೆಯ ಬಿಸಿಲಿಗೆ ಗಿಡ ಮೈತುಂಬ ಮೊಗ್ಗು ಬಿಡುತ್ತದೆ. ಮದುವೆಯ ಕಾಲವೂ ಅದೇ. ಆ ಹೊತ್ತಿನಲ್ಲಿ ಒಂದು ಅಕಾಲದ ಅಡ್ಡಮಳೆ ಜೋರಾಗಿ ಹೊಡೆದರೆ ಮೊಗ್ಗು ನೆಲ ಕಾಣುತ್ತದೆ, ಬುಡದಲ್ಲಿ ನೀರು ನಿಂತು ಗಿಡ ಮಂಕಾಗುತ್ತದೆ.

ಅಲ್ಲಿಗೆ ಮೊದಲ ಸಲ ಹೋದ ಬೆಳಿಗ್ಗೆ, ಕಟಪಾಡಿಯಲ್ಲಿ ಬಸ್ಸಿಳಿದು ಒಳರಸ್ತೆಯಲ್ಲಿ ನಡೆಯುತ್ತಿದ್ದಂತೆ ಊರಿಗಿಂತ ಮೊದಲು ಪರಿಮಳ ಬಂತು. ಗದ್ದೆಯೆಂದರೆ ಗದ್ದೆಯಲ್ಲ, ಮನೆಯ ಹಿತ್ತಿಲಿನಷ್ಟು ಜಾಗ, ಅದರಲ್ಲಿ ಸೊಂಟದೆತ್ತರದ ಗಿಡಗಳ ಸಾಲು. ಹೆಂಗಸರು ನಸುಕಿನಲ್ಲೇ ಮೊಗ್ಗು ಕೊಯ್ದು ಮುಗಿಸಿದ್ದರು. ಸೆಲಿನಾ ಬಾಯಿಯ ಮನೆಯ ಜಗಲಿಯಲ್ಲಿ ಕುಳಿತು ಎಲ್ಲರೂ ಹೂ ಕಟ್ಟುತ್ತಿದ್ದರು. ಸೆಲಿನಾ ಬಾಯಿ ಐವತ್ತು ದಾಟಿದ, ಎತ್ತರದ, ಮೆಲುದನಿಯ ಹೆಂಗಸು. ಗಂಡ ತೀರಿಹೋದ ಮೇಲೆ ಮಲ್ಲಿಗೆಯಿಂದಲೇ ಮನೆ ನಡೆಸಿದ್ದರು. ಸುತ್ತಲಿನ ಮನೆಗಳ ಹೆಂಗಸರು ತಮ್ಮ ತಮ್ಮ ಬುಟ್ಟಿ ಹಿಡಿದುಕೊಂಡು ಅವರ ಜಗಲಿಗೇ ಬರುತ್ತಿದ್ದರು. ಯಾಕೆಂದು ಕೇಳಿದೆ. ಅಲ್ಲಿ ಕುಳಿತರೆ ಕೈ ಬೇಗ ಓಡುತ್ತದೆ ಎಂದಳು ಗಿರಿಜಾ. ಗಿರಿಜಾ ಪಕ್ಕದ ಮನೆಯವಳು, ಸೆಲಿನಾ ಬಾಯಿಗಿಂತ ಬಹಳ ಚಿಕ್ಕವಳು. ಆದರೆ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಆಗುತ್ತಿರಲಿಲ್ಲ.

ನನ್ನ ತುಳು ಕೇಳಿ ಎಲ್ಲರೂ ನಕ್ಕು, ಕರುಣೆಯಿಂದ ಕನ್ನಡಕ್ಕೆ ಬಂದರು. ನಾನು ಹವಾಮಾನ ವಿಮೆಯನ್ನು ವಿವರಿಸಿದೆ.

"ಹಾಗಾದ್ರೆ ನೀವು ತೋಟ ನೋಡ್ಲಿಕ್ಕೆ ಬರುವುದಿಲ್ವಾ?" ಎಂದು ಕೇಳಿದಳು ಗಿರಿಜಾ.

"ಬರಬೇಕಾಗಿಲ್ಲ. ಮಳೆ ಬಿದ್ದರೆ ಮಾಪಕಕ್ಕೆ ಗೊತ್ತಾಗುತ್ತದೆ."

"ಅದಕ್ಕೆ ಗೊತ್ತಾಗದಿದ್ರೆ ಎಂತ ಮಾಡುದು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸೆಲಿನಾ ಬಾಯಿ ಮಾತ್ರ ಹೂವಿನಿಂದ ಕಣ್ಣೆತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನಾನು ಸೇರ್ತೇನೆ" ಎಂದರು. ಅವರು ಸೇರಿದ್ದಕ್ಕೆ ಉಳಿದವರು ಸೇರಿದರು. ಕೊನೆಗೆ ಗಿರಿಜಾಳೂ ಸೇರಿದಳು, ನನಗಾಗಿ ಅಲ್ಲ, ಅವರಿಗಾಗಿ.

ಮಾಪಕವನ್ನು ಊರಿನ ಒಂದು ಖಾಲಿ ಜಾಗದಲ್ಲಿ, ತಂತಿಬೇಲಿಯೊಳಗೆ, ಕಂಬದ ಮೇಲೆ ಕೂರಿಸಿದರು. ಬಿಳಿಯ ಡಬ್ಬಿ. ಮೇಲೆ ಆಲಿಕೆಯಂಥ ಬಾಯಿ, ಒಳಗೆ ಪುಟ್ಟದೊಂದು ತೊಟ್ಟಿಲು. ಆಲಿಕೆಯಿಂದ ನೀರು ಇಳಿದು ತುಂಬಿದಾಗೆಲ್ಲ ತೊಟ್ಟಿಲು ಒಂದು ಬದಿಗೆ ವಾಲಿ ನೀರು ಚೆಲ್ಲುತ್ತದೆ. ಅದು ಎಷ್ಟು ಸಲ ವಾಲಿತು ಎಂಬುದೇ ಮಳೆಯ ಲೆಕ್ಕ. ಆ ಲೆಕ್ಕ ತಂತಾನೇ ದೂರದ ದೊಡ್ಡ ಕಚೇರಿಗೆ ಹೋಗಿಬಿಡುತ್ತಿತ್ತು. ನಮಗೆ ಅದು ಕಾಣುತ್ತಲೂ ಇರಲಿಲ್ಲ.

ಆ ದಿನಗಳಲ್ಲಿ ನಮ್ಮ ಕಚೇರಿಯ ಪಕ್ಕ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಜಲ್ಲಿ ಹೊರುತ್ತಿದ್ದ ಬಸವ್ವ ಎಂಬ ಗದಗದ ಕಡೆಯ ಹೆಂಗಸು ಒಂದು ಮಧ್ಯಾಹ್ನ ಊಟ ಮುಗಿಸಿ ನಮ್ಮ ಮೆಟ್ಟಿಲ ಮೇಲೆ ನೆರಳಿಗೆ ಕುಳಿತಿದ್ದಳು. ಗೋಡೆಗೆ ಹಚ್ಚಿದ್ದ ಮೋಡ ಮತ್ತು ಹೂವಿನ ಚಿತ್ರದ ಜಾಹೀರಾತನ್ನು ಬಹಳ ಹೊತ್ತು ನೋಡಿದವಳು, "ಅಕ್ಕಾರ, ಇದು ಏನ್ರೀ?" ಎಂದಳು. ಮಳೆ ಹೆಚ್ಚಾದರೆ ಪರಿಹಾರ ಸಿಗುತ್ತದೆ ಎಂದೆ.

"ಮಳಿ ಬಂದ್ರ ಕೊಡ್ತಾರ?" ಅವಳಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಕಡೆ ಮಳಿ ಬಂದ್ರ ನಾವ ಅದಕ್ಕ ಆರತಿ ಎತ್ತತೀವ್ರಿ."

ನಿಮ್ಮ ಕಡೆ ಮಳೆ ಬಾರದಿದ್ದರೆ ಕೊಡುವ ಇಂಥದೇ ವಿಮೆ ಉಂಟು ಎಂದು ಹೇಳಿದಾಗ ಅವಳ ನಗು ನಿಂತಿತು. ಪಶ್ಚಿಮದ ಕಡೆ ತಿರುಗಿ, ಕಣಿವೆಯ ಮೇಲೆ ತೇಲುತ್ತಿದ್ದ ಬಿಳಿ ಮೋಡಗಳನ್ನು ನೋಡುತ್ತಾ, "ಒಂದ ಆಕಾಶ, ಇಲ್ಲಿ ಒಂದು ಕರಾರು, ಅಲ್ಲಿ ಒಂದು ಕರಾರು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಕೆಲಸದ ಕರೆ ಬಂತು, ಬುಟ್ಟಿ ಎತ್ತಿಕೊಂಡು ಹೋದಳು. ನಮ್ಮ ತರಬೇತಿಯ ಅಷ್ಟೂ ದಿನಗಳಲ್ಲಿ ಇದನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಎರಡನೆಯ ವರ್ಷದ ಮೇ ತಿಂಗಳಲ್ಲಿ ಆ ಮಳೆ ಬಂತು. ಮಧ್ಯಾಹ್ನದಿಂದಲೇ ಗಾಳಿ ನಿಂತುಹೋಗಿ ಎಲೆ ಅಲುಗುತ್ತಿರಲಿಲ್ಲ. ಅಂಥ ಮಳೆ ಕಡಲಿನಿಂದ ಬರುವುದಲ್ಲ, ಘಟ್ಟದ ಕಡೆಯಿಂದ ಇಳಿಯುವುದು. ಕಿಟಕಿಯಲ್ಲಿ ನಿಂತಿದ್ದ ನಾಯಕ್ ಸಾರ್, "ಗುಡುಗು ಮಾತ್ರ, ಮಳೆ ಇಲ್ಲ" ಎಂದರು. ಸಂಜೆಯ ಹೊತ್ತಿಗೆ ಕಾರ್ಕಳದ ದಿಕ್ಕಿನಿಂದ ಕಪ್ಪು ಗೋಡೆಯೊಂದು ನಡೆದು ಬಂದಂತೆ ಬಂದು, ನದಿಯನ್ನು ಅಳಿಸಿ, ತೆಂಗಿನ ತಲೆಗಳನ್ನು ಅಳಿಸಿ, ನಮ್ಮ ಮೇಲೆ ಬಿತ್ತು. ನಾನು ಬಸ್ಸಿನಲ್ಲಿ ಗಾಜಿಗೆ ಮುಖ ಒತ್ತಿಕೊಂಡು ಮನೆಗೆ ಬಂದೆ. ರಸ್ತೆಯೇ ಹೊಳೆಯಾಗಿತ್ತು. ಮನಸ್ಸಿನ ಒಂದು ಮೂಲೆಯಲ್ಲಿ ಶಂಕರಪುರದ ಆ ಪುಟ್ಟ ತೊಟ್ಟಿಲು ಬಿಡುವಿಲ್ಲದೆ ಅತ್ತಿತ್ತ ತೂಗುತ್ತಿರುವುದು ಕಾಣುತ್ತಿತ್ತು. ಪಾಪ, ಮೊಗ್ಗು ಹೋಯಿತು, ಆದರೆ ಪರಿಹಾರ ಬರುತ್ತದೆ ಎಂದುಕೊಂಡು ನೆಮ್ಮದಿಯಿಂದ ಮಲಗಿದೆ.

ಕೆಲವು ದಿನ ಕಳೆದು ದೊಡ್ಡ ಕಚೇರಿಯಿಂದ ಲೆಕ್ಕ ಬಂತು. ಶಂಕರಪುರದಲ್ಲಿ ಆ ದಿನ ಮಳೆ: ಸೊನ್ನೆ.

ತಪ್ಪಾಗಿ ಬಂದಿದೆ ಎಂದು ಫೋನು ಮಾಡಿದೆ. ತಪ್ಪಿಲ್ಲ ಎಂದರು. ಮಾಪಕದಿಂದ ಪ್ರತಿದಿನ ಸಂದೇಶ ಬಂದಿದೆ, ಯಂತ್ರ ಎಚ್ಚರವಾಗಿಯೇ ಇದೆ, ಅದರ ಪ್ರಕಾರ ಮಳೆ ಇಲ್ಲ. ಆ ದಿನ ನಾನೇ ನೆನೆದಿದ್ದೇನೆ ಎಂದೆ. "ನೀವು ನೆನೆದದ್ದು ಮಣಿಪಾಲದಲ್ಲಿ, ಮೇಡಂ" ಎಂದಿತು ಆ ಕಡೆಯ ಸ್ವರ. ಅದೂ ಸರಿಯೇ.

ಶಂಕರಪುರಕ್ಕೆ ಹೋಗಿ ಹೇಳಬೇಕಾದವಳು ನಾನು. ಗಿಡಗಳ ಕೆಳಗೆ ಉದುರಿದ ಮೊಗ್ಗುಗಳು ಕಂದಿ ಮಣ್ಣಿಗಂಟಿದ್ದವು. ಗಾಳಿಯಲ್ಲಿ ಪರಿಮಳವಿತ್ತು, ಕೊಳೆತ ಪರಿಮಳ. ಜಗಲಿಯಲ್ಲಿ ಎಲ್ಲರೂ ಇದ್ದರು. ಸೊನ್ನೆ ಎಂದು ಹೇಳಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ.

"ಮೇಡಂ, ಮಳೆ ಬಂದದ್ದು ನಾವು ನೋಡಿದ್ದೇವಲ್ಲಾ," ಎಂದರು ಸೆಲಿನಾ ಬಾಯಿ. "ಮತ್ತೆ ಯಾರು ನೋಡ್ಬೇಕು?"

ಗಿರಿಜಾ ಎದ್ದು ನಿಂತಳು. ಆ ವರ್ಷ ಅವಳು ಹಿತ್ತಿಲಿನ ತೆಂಗಿನ ಸಸಿ ಕೀಳಿಸಿ ಹೊಸದಾಗಿ ಮಲ್ಲಿಗೆ ಹಾಕಿಸಿದ್ದಳು, ಬುಡದಲ್ಲಿ ನೀರು ನಿಂತು ಎಳೆಗಿಡಗಳೆಲ್ಲ ಹೋಗಿದ್ದವು. ಅವಳು ಸೆಲಿನಾ ಬಾಯಿಯ ಕಡೆ ತಿರುಗಿ, "ನಿಮ್ಮ ಮಾತು ನಂಬಿ ಅಲ್ವಾ ನಾನು ಸೇರಿದ್ದು" ಎಂದಳು. ಜೋರಾಗಿ ಹೇಳಲಿಲ್ಲ. ಬುಟ್ಟಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಮುಂದಿನ ವಾರ ನಾನು ಮತ್ತೆ ಹೋದಾಗ ಜಗಲಿಯಲ್ಲಿ ಸೆಲಿನಾ ಬಾಯಿ ಒಬ್ಬರೇ ಇದ್ದರು. ಅಳಿದುಳಿದ ಹೂವನ್ನು ಒಬ್ಬೊಬ್ಬರು ತಮ್ಮ ತಮ್ಮ ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ಯಾರೂ ಜಗಳವಾಡಿರಲಿಲ್ಲ, ಯಾರೂ ಬೈದಿರಲಿಲ್ಲ. ಬರುವುದನ್ನು ನಿಲ್ಲಿಸಿದ್ದರು, ಅಷ್ಟೇ. "ಮೊಗ್ಗು ಹೋದದ್ದು ಹೋಯ್ತು ಮೇಡಂ, ಗಿಡದಲ್ಲಿ ಮತ್ತೆ ಬರ್ತದೆ," ಎಂದರು ಸೆಲಿನಾ ಬಾಯಿ. ಅವರ ಬೆರಳುಗಳು ಹೂ ಕಟ್ಟುತ್ತಲೇ ಇದ್ದವು, ಕಣ್ಣು ದಾರಿಯ ಕಡೆಗಿತ್ತು.

ಕಚೇರಿಗೆ ಬಂದು ನಾಯಕ್ ಸಾರ್ ಎದುರು ಕುಳಿತೆ. ಅವರು ಯಾವತ್ತೂ ಮೇಲಿನವರ ಜೊತೆ ಸ್ವರ ಏರಿಸಿದವರಲ್ಲ. ಎಲ್ಲವನ್ನೂ ಕೇಳಿಸಿಕೊಂಡು, "ಮಳೆಗೆ ಸಾಕ್ಷಿ ಎಂತ ಉಂಟು, ಶಾರದಾ? ಹುಡುಕಿ" ಎಂದರು.

ಹುಡುಕಿದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ವಿಚಿತ್ರವಾದ ಕೆಲಸ ಮಾಡಿಲ್ಲ. ಸುಟ್ಟದ್ದು ಬೂದಿ ಬಿಡುತ್ತದೆ, ಮುರಿದದ್ದು ಚೂರು ಬಿಡುತ್ತದೆ. ಬಂದು ಹೋದ ಮಳೆ ಏನು ಬಿಡುತ್ತದೆ? ಬಿಸಿಲು ಮತ್ತೆ ಕಾದು ರಸ್ತೆಯಲ್ಲಿ ಧೂಳೇಳುತ್ತಿತ್ತು. ಕಾಪುವಿನ ದಂಡೆಯಲ್ಲಿ ಒಣಮೀನು ಹರಡುವ ಹೆಂಗಸರು ಆ ಸಂಜೆ ಮೀನೆಲ್ಲ ನೆನೆದು ಕೆಟ್ಟದ್ದನ್ನು ಹೇಳಿದರು. ಆದಿ ಉಡುಪಿಯ ಮಾರುಕಟ್ಟೆಯಂಗಳದಲ್ಲಿ ಒಬ್ಬ ವ್ಯಾಪಾರಿ ಚೀಲದ ಮೇಲಿನ ನೀರಿನ ಕಲೆ ತೋರಿಸಿದ. ಕಟಪಾಡಿಯ ಮದುವೆಮನೆಯವರು ಚಪ್ಪರ ಕುಸಿದದ್ದನ್ನು ನೆನೆದು ಈಗ ನಗುತ್ತಿದ್ದರು. ಎಲ್ಲರ ಮಾತಿನಲ್ಲೂ ಮಳೆ ಧೋ ಎಂದು ಸುರಿಯುತ್ತಿತ್ತು. ಕೇಳುತ್ತಾ ಕೇಳುತ್ತಾ, ಬಿಸಿಲಿನಲ್ಲಿ ನಡೆಯುತ್ತಿದ್ದರೂ ನಾನು ನೆನೆದವಳಂತೆ ಆಗುತ್ತಿದ್ದೆ. ಆದರೆ ಇವು ಯಾವುವೂ ಕರಾರಿನ ಒಳಗೆ ಬರುವಂಥವಲ್ಲ. ಯಂತ್ರ ಕೆಟ್ಟಿದ್ದರೆ ಹತ್ತಿರದ ಇನ್ನೊಂದು ಮಾಪಕದ ಲೆಕ್ಕ ಹಿಡಿಯಬಹುದು, ಅದೊಂದೇ ದಾರಿ. ಯಂತ್ರ ಕೆಟ್ಟಿತ್ತೆಂದು ತೋರಿಸಬೇಕು. ಅದನ್ನು ತೆರೆಯುವ ಅಧಿಕಾರ ನಮಗಿರಲಿಲ್ಲ.

ನಾಯಕ್ ಸಾರ್ ದೊಡ್ಡ ಕಚೇರಿಗೆ ಫೋನು ಮಾಡಿದರು. ಪಕ್ಕದ ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸಿತು. "ನೀವು ಒಬ್ಬ ಮನುಷ್ಯನನ್ನು ಕಳಿಸುವವರೆಗೆ ನಾನು ಫೋನು ಇಡುವುದಿಲ್ಲ ಮಾರಾಯ್ರೆ" ಎಂದು ಅವರು ಹೇಳಿದಾಗ ಟೈಪು ಮಾಡುತ್ತಿದ್ದವರ ಕೈ ನಿಂತಿತು. ಮನುಷ್ಯ ಬಂದ.

ಬಂದವನ ಹೆಸರು ಶ್ರೀವತ್ಸ. ಮೈಸೂರಿನ ಕಡೆಯ ಹುಡುಗ, ದೊಡ್ಡ ಕಚೇರಿಯಲ್ಲಿ ಮಳೆಯ ಲೆಕ್ಕ ನೋಡುವ ವಿಭಾಗದವನು. ಗಣಿತ ಓದಿದ್ದ. ನಮ್ಮ ಊರಿನ ಮಳೆಯ ಎಷ್ಟೋ ವರ್ಷಗಳ ಅಂಕಿ ಅವನಿಗೆ ಗೊತ್ತಿತ್ತು, ನಮ್ಮ ಊರು ನೋಡಿದ್ದು ಅದೇ ಮೊದಲು. ಜೀಪಿನಲ್ಲಿ ಕುಳಿತು ತಲೆ ಹೊರಗೆ ಹಾಕಿ ಎಲ್ಲವನ್ನೂ ಮಗುವಿನಂತೆ ನೋಡುತ್ತಿದ್ದ.

ಶಂಕರಪುರದಲ್ಲಿ ಬೇಲಿಯ ಬೀಗ ತೆಗೆದು ಮಾಪಕದ ಬಿಳಿ ಡಬ್ಬಿಯನ್ನು ಎತ್ತಿದ. ನಾನು ಬಗ್ಗಿ ನೋಡಿದೆ. ಒಳಗಿನ ತೊಟ್ಟಿಲಿಗೂ ಅದರ ಚೌಕಟ್ಟಿಗೂ ಸೇರಿಸಿ ಕೆಂಪು ಮಣ್ಣಿನ ಉಂಡೆಯೊಂದು ಗಟ್ಟಿಯಾಗಿ ಅಂಟಿಕೊಂಡಿತ್ತು. ಕುಂಬಾರ ಹುಳದ ಗೂಡು. ಗೋಡೆಯ ಮೂಲೆಯಲ್ಲಿ, ಕಿಟಕಿಯ ಸಂದಿಯಲ್ಲಿ ಕೆಸರು ತಂದು ಮೆತ್ತಿ ಮನೆ ಕಟ್ಟುವ ಆ ತೆಳು ಸೊಂಟದ ಕಣಜ ಇಲ್ಲಿಯೂ ನುಗ್ಗಿತ್ತು. ತೊಟ್ಟಿಲು ಅಲುಗುವಂತಿರಲಿಲ್ಲ. ಬಿದ್ದ ಮಳೆಯೆಲ್ಲ ಅದರ ಮೇಲೆ ಸುಮ್ಮನೆ ಹರಿದು ಹೋಗಿತ್ತು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಶ್ರೀವತ್ಸ ಮಾತ್ರ ಸಂಕಟದಿಂದ ನಿಂತಿದ್ದ.

"ಇದು ಯಾವಾಗ ಕಟ್ಟಿದ್ದು ಅನ್ನೋದು ಗೊತ್ತಾಗಬೇಕಲ್ಲ ಮೇಡಂ. ಮಳೆ ಆದ ಮೇಲೆ ಕಟ್ಟಿರಬಹುದು ಅಂತಾರೆ ಅಲ್ಲಿ. ಮಳೆ ಬಂದ ದಿನ ಯಂತ್ರ ಕೆಟ್ಟಿತ್ತು ಅಂತ ನಾನು ಹೇಗೆ ಬರೀಲಿ?"

ಬೇಲಿಯ ಆಚೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು. ಒಬ್ಬರಿಗೊಬ್ಬರು ಸ್ವಲ್ಪ ದೂರ ದೂರ. ಗಿರಿಜಾ ಒಂದು ತುದಿಯಲ್ಲಿ, ಸೆಲಿನಾ ಬಾಯಿ ಇನ್ನೊಂದು ತುದಿಯಲ್ಲಿ. ಶ್ರೀವತ್ಸನ ಮಾತು ಅವರಿಗೆ ಕೇಳಿಸಿತು. ಬಂದ ಹಾಗೆಯೇ ಒಬ್ಬೊಬ್ಬರಾಗಿ ಮನೆಗಳಿಗೆ ಹೋದರು.

ಅದೇ ಮಧ್ಯಾಹ್ನ ನಾವು ಕಾರ್ಕಳಕ್ಕೆ ಹೋದೆವು. ಹತ್ತಿರದ ಇನ್ನೊಂದು ಮಾಪಕ ಇದ್ದದ್ದು ಅಲ್ಲಿ, ಊರಾಚೆ. ಅದರ ಲೆಕ್ಕ ನೋಡಿದರೆ ಆ ದಿನ ಮಿತಿ ಮೀರಿ ಮಳೆ ಬಿದ್ದಿತ್ತು. ಪಕ್ಕದಲ್ಲಿ ಕೆಲಸ ನಿಂತುಹೋದ ಕಲ್ಲುಕೋರೆಯ ಹೊಂಡ, ಅದರ ತಳದಲ್ಲಿ ಇನ್ನೂ ಹಸಿರು ನೀರು ನಿಂತಿತ್ತು. ನೀರಿನಲ್ಲಿ ಆಕಾಶ, ಆಕಾಶದಲ್ಲಿ ಹತ್ತಿಯಂಥ ಮೋಡ. ಸುತ್ತ ಕಪ್ಪು ಬಂಡೆಯ ಬಿಸಿ. ಶ್ರೀವತ್ಸ ಅಂಚಿನಲ್ಲಿ ಕುಳಿತು ಕೆಳಗೆ ನೋಡುತ್ತಾ, "ನಾವು ಹುಡುಕ್ತಿರೋ ಮಳೆ ಇದೇ ಇರಬೇಕು ಮೇಡಂ" ಎಂದ. "ಮೊದಲು ಇಲ್ಲಿ ಸುರಿದು ಆಮೇಲೆ ನಿಮ್ಮ ಕಡೆ ಬಂದಿದೆ."

ನಾನೂ ಕುಳಿತೆ. ಗಾಳಿ ಬೀಸಿದಾಗ ನೀರಿನೊಳಗಿನ ಮೋಡ ಮುರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಇಷ್ಟು ಹತ್ತಿರವಿದ್ದೂ ಅದು ನಮಗೆ ಉಪಯೋಗಕ್ಕೆ ಬಾರದು. ಹಿಂದಿರುಗುವ ದಾರಿಯಲ್ಲಿ ಇಬ್ಬರಿಗೂ ನಿದ್ದೆ ಬಂದಂತಾಗಿತ್ತು. ಎಲ್ಲೋ ಬೆಳ್ಮಣ್ಣು ದಾಟಿದ ಮೇಲೆ ಶ್ರೀವತ್ಸ ತಟ್ಟನೆ ನೆಟ್ಟಗೆ ಕುಳಿತ.

"ಮೇಡಂ, ನಮ್ಮ ಅತ್ತೆ ಮನೇಲಿ ಒಂದು ದೊಡ್ಡ ಮರದ ಪೆಟ್ಟಿಗೆ ಇತ್ತು. ಪ್ರತಿ ಬೇಸಿಗೆ ರಜದಲ್ಲಿ ಅದರ ಬೀಗದ ಕಿಂಡಿಗೆ ಈ ಹುಳ ಗೂಡು ಕಟ್ತಿತ್ತು. ನಾನು ಕಡ್ಡೀಲಿ ಒಡೆದು ನೋಡ್ತಿದ್ದೆ. ಹೊಸ ಗೂಡಾದ್ರೆ ಒಳಗೆ ಹಸಿರು ಕಂಬಳಿಹುಳ ತುಂಬಿಟ್ಟಿರುತ್ತೆ, ಮರಿಗೆ ಊಟಕ್ಕೆ. ಹಳೇದಾದ್ರೆ ಒಳಗೆ ಖಾಲಿ. ಮರಿ ರೆಕ್ಕೆ ಬಂದು ಗೋಡೆ ಕೊರೆದು ಹೋಗಿಬಿಟ್ಟಿರುತ್ತೆ. ಅದಕ್ಕೆ ಮೂರ್ನಾಲ್ಕು ವಾರ ಆದ್ರೂ ಬೇಕು."

ನಾನು ಚಾಲಕನಿಗೆ ಶಂಕರಪುರದ ಕಡೆ ತಿರುಗಿಸಲು ಹೇಳಿದೆ.

ಇಳಿಬಿಸಿಲು ಇನ್ನೂ ಇತ್ತು. ಡಬ್ಬಿ ಎತ್ತಿ ನೋಡಿದಾಗ ಮಣ್ಣಿನ ಉಂಡೆಯ ಹಿಂಬದಿಯಲ್ಲಿ, ಬೆಳಿಗ್ಗೆ ನಮ್ಮ ಕಣ್ಣಿಗೆ ಬೀಳದ ಕಡೆ, ಕಡಲೆಕಾಳಿನಷ್ಟು ದುಂಡನೆಯ ತೂತುಗಳಿದ್ದವು. ಶ್ರೀವತ್ಸ ಒಂದು ಮೂಲೆಯನ್ನು ಮೆಲ್ಲಗೆ ಒಡೆದ. ಒಳಗೆ ನುಣುಪಾದ ಪುಟ್ಟ ಕೋಣೆ, ಅದರಲ್ಲಿ ಈರುಳ್ಳಿ ಸಿಪ್ಪೆಯಂಥ ಒಣಗಿದ ಪೊರೆ, ಮತ್ತೇನೂ ಇಲ್ಲ. ಗೂಡಿನ ಮರಿಗಳು ಬೆಳೆದು ಹಾರಿಹೋಗಿದ್ದವು. ಮಳೆ ಬಂದು ಎರಡು ವಾರ ಕಳೆದಿತ್ತಷ್ಟೆ. ಗೂಡು ಅದಕ್ಕಿಂತ ಹಳೆಯದು.

"ಇದನ್ನ ಬರೀತೀನಿ," ಎಂದ ಶ್ರೀವತ್ಸ. "ನಗ್ತಾರೆ. ನಗಲಿ."

ಅವನು ಬರೆದ. ಫೋಟೋ ಕಳಿಸಿದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರೊಬ್ಬರಿಂದ ಎರಡು ಸಾಲು ಬರೆಸಿಕೊಂಡ. ಮೇಲಿನವರು ನಕ್ಕರೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಒಪ್ಪಿದರು. ಕಾರ್ಕಳದ ಮಳೆ ಶಂಕರಪುರದ್ದಾಯಿತು. ಪರಿಹಾರ ಬಂತು, ಹೋದದ್ದನ್ನೆಲ್ಲ ತುಂಬಿಸುವಷ್ಟಲ್ಲ, ಆದರೂ ಬಂತು.

ಮುಂದೆ ಎಲ್ಲ ಮಾಪಕಗಳಿಗೂ ಒಳಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರು. ತಿಂಗಳಿಗೊಮ್ಮೆ ತೆರೆದು ನೋಡಬೇಕೆಂಬ ನಿಯಮ ಬಂತು, ನೋಡುವಾಗ ಊರಿನವರೊಬ್ಬರು ಜೊತೆಗಿರಬೇಕೆಂದು ನಾಯಕ್ ಸಾರ್ ಹಟ ಹಿಡಿದು ಸೇರಿಸಿದರು. ಆಮೇಲೆ ಉಪಗ್ರಹಗಳು ಬಂದವು, ಪರದೆಯ ಮೇಲೆ ಬಣ್ಣದ ಮೋಡಗಳು ಬಂದವು. ಒಳ್ಳೆಯದೇ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಪರದೆಯಲ್ಲಿ ಸೊನ್ನೆ ಕಂಡಾಗ ಒಮ್ಮೆ ಬಸ್ಸು ಹತ್ತಿ ಹೋಗಿ ಬನ್ನಿ. ಹೋಗಿ, ಸ್ವಲ್ಪ ಕುಳಿತು ಬನ್ನಿ.

ಪರಿಹಾರ ಮಂಜೂರಾದ ಸುದ್ದಿ ಹೇಳಲು ನಾನು ಶಂಕರಪುರಕ್ಕೆ ಹೋದಾಗ ಮಳೆಗಾಲ ಶುರುವಾಗಿತ್ತು. ಜಗಲಿಯಲ್ಲಿ ಸೆಲಿನಾ ಬಾಯಿ ಒಬ್ಬರೇ, ಮುಂದೆ ಬೊಗಸೆಯಷ್ಟು ಹೂ. ಸುದ್ದಿ ಕೇಳಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಎಲ್ಲರಿಗೂ ನೀವೇ ಹೇಳ್ತೀರಾ?" ಎಂದು ಕೇಳಿದೆ.

"ನಾನು ಎಂತ ಹೇಳುದು ಮೇಡಂ? ನೀವೇ ಮನೆಮನೆಗೆ ಹೋಗಿ ಹೇಳಿ. ನಾನು ಹೋದ್ರೆ, ನೋಡಿದ್ರಾ ನನ್ನ ಮಾತು ಅಂತ ಹೇಳ್ಲಿಕ್ಕೆ ಬಂದ ಹಾಗೆ ಆಗ್ತದೆ."

ಕೊಡೆ ಹಿಡಿದು ಮನೆಮನೆಗೆ ಹೋದೆ. ಗಿರಿಜಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಜಗಲಿಯಲ್ಲಿ ಯಾರಾದ್ರೂ ಇದ್ದಾರಾ?" ಎಂದು ಮಾತ್ರ ಕೇಳಿದಳು. ಸೆಲಿನಾ ಬಾಯಿ ಒಬ್ಬರೇ ಎಂದೆ.

ನಾನು ಸೆಲಿನಾ ಬಾಯಿಯ ಮನೆಗೆ ಮರಳಿ ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಗಿರಿಜಾ ತಲೆಗೊಂದು ಪ್ಲಾಸ್ಟಿಕ್ ಹೊದ್ದು, ಸೆರಗಿನೊಳಗೆ ಬುಟ್ಟಿ ಮುಚ್ಚಿಕೊಂಡು ಬಂದಳು. ಕಾಲು ತೊಳೆದು ಮೆಟ್ಟಿಲ ಮೇಲೆ ನಿಂತಳು, ಮೇಲೆ ಬರಲಿಲ್ಲ.

"ಮೊನ್ನೆ ಇಗರ್ಜಿಯ ಹತ್ತಿರ ನಿಮ್ಮನ್ನು ಕಂಡೆ, ಬಾಯಿ," ಎಂದಳು. "ಕರೀಲಿಕ್ಕೆ ಸ್ವರ ಬರ್ಲಿಲ್ಲ."

"ಈಗ ಬಂತಲ್ವಾ," ಎಂದರು ಸೆಲಿನಾ ಬಾಯಿ. "ಬಾ, ಕೂತ್ಕೋ."

ಅವಳು ಕುಳಿತಳು. ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ಬಂದರು, ಆಮೇಲೆ ಇನ್ನೊಬ್ಬರು. ವಿಮೆಯ ಮಾತನ್ನು ಯಾರೂ ಎತ್ತಲಿಲ್ಲ. ಯಾರದೋ ಹಸು ಕರು ಹಾಕಿದ್ದು, ಯಾರದೋ ಮಾಡು ಸೋರುವುದು, ಇಂಥದೇ ಮಾತು. ಹೊರಗೆ ಮಳೆ ಬಲವಾಯಿತು. ನನ್ನ ಬಸ್ಸಿನ ಹೊತ್ತು ಮೀರಿತು. ಸುಮ್ಮನೆ ಕುಳಿತ ನನ್ನ ಕೈಗೆ ಗಿರಿಜಾ ಬಾಳೆನಾರು ಕೊಟ್ಟು ಕಟ್ಟುವುದನ್ನು ತೋರಿಸಿಕೊಟ್ಟಳು. ನನ್ನ ಗಂಟು ಜಾರುತ್ತಿತ್ತು, ಮೊಗ್ಗುಗಳು ಒಂದು ಆ ಕಡೆ ಒಂದು ಈ ಕಡೆ ಮುಖ ಮಾಡುತ್ತಿದ್ದವು. ಎಲ್ಲರೂ ನೋಡಿ ನೋಡಿ ನಕ್ಕರು. ಮಳೆ ಸ್ವಲ್ಪ ಬಿಟ್ಟು ಹೊಳವಾದಾಗ ಎದ್ದೆ.

ಸೆಲಿನಾ ಬಾಯಿ ನನ್ನ ಮೊಳದುದ್ದದ ಮಾಲೆಯನ್ನು ಎತ್ತಿ ಹಿಡಿದು ನೋಡಿದರು.

"ಇದನ್ನು ಮಾರ್ಲಿಕ್ಕೆ ಆಗುದಿಲ್ಲ ಮೇಡಂ," ಎಂದರು. "ತಿರುಗಿ, ನಾನೇ ಮುಡಿಸ್ತೇನೆ."